ಶಿಶುವಿಹಾರದ ಒಂದು ವರ್ಷ: ಮಗುವಿನಿಂದ ಏನನ್ನು ನಿರೀಕ್ಷಿಸಬೇಕು?



ಜೂನ್ ತಿಂಗಳು ಬಂತೆಂದರೆ ನಮ್ಮ ಚನ್ನಗಿರಿಯ ರಸ್ತೆಗಳಲ್ಲಿ ಹೊಸ ಬ್ಯಾಗು, ಹೊಸ ಬೂಟು, ಕುತ್ತಿಗೆಗೆ ನೀರಿನ ಬಾಟಲಿ ತೂಗುಹಾಕಿಕೊಂಡ ಪುಟಾಣಿಗಳ ಮೆರವಣಿಗೆ ಶುರುವಾಗುತ್ತದೆ. ಕೆಲವರು ಅಳುತ್ತಾ, ಕೆಲವರು ನಗುತ್ತಾ, ಕೆಲವರು ಏನಾಗುತ್ತಿದೆ ಎಂದು ತಿಳಿಯದೆ ಆಟೋದಲ್ಲಿ ಕುಳಿತು ಹೋಗುತ್ತಾರೆ. ದೀಪಾವಳಿಯ ಹೊತ್ತಿಗೆ ಮನೆಗಳಲ್ಲಿ ಚಿಂತೆ ಆರಂಭ. "ಇಷ್ಟು ಫೀಜು ಕಟ್ಟಿದ್ದೇವೆ, ಹುಡುಗನಿಗೆ ಇನ್ನೂ ಎ ಬಿ ಸಿ ಡಿ ಪೂರ್ತಿ ಬರೆಯಲು ಬರುವುದಿಲ್ಲ. ಪಕ್ಕದ ಮನೆ ಹುಡುಗಿ ನೂರರವರೆಗೆ ಬರೆಯುತ್ತಾಳೆ." ಈ ಮಾತನ್ನು ಕೇಳದ ಶಿಕ್ಷಕರು ಇರಲಿಕ್ಕಿಲ್ಲ. ಮಾತು ಇಲ್ಲಿಗೇ ನಿಂತರೆ ಸರಿ. ಆದರೆ ಎಷ್ಟೋ ಮನೆಗಳಲ್ಲಿ ಅದು ಸಂಜೆಯ ಟ್ಯೂಷನ್ನಿಗೆ, ಅಲ್ಲಿಂದ ಬೆತ್ತಕ್ಕೆ ಮುಂದುವರಿಯುತ್ತದೆ. ನಾಲ್ಕು ವರ್ಷದ ಕೂಸಿಗೆ!

ಈ ವರ್ಷದಲ್ಲಿ ಮಗುವಿನಿಂದ ಏನನ್ನು ನಿರೀಕ್ಷಿಸಬೇಕು ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ನಮ್ಮ ಹಿರಿಯರೂ ಕೇಳಿಕೊಂಡಿದ್ದಾರೆ, ಯುರೋಪಿನವರೂ ಕೇಳಿಕೊಂಡಿದ್ದಾರೆ. ಅವರು ಕಂಡುಕೊಂಡ ಉತ್ತರಗಳ ಕಥೆ ತಿಳಿದರೆ ನಮ್ಮ ಆತಂಕ ಸ್ವಲ್ಪ ಕಡಿಮೆಯಾದೀತು ಎಂಬ ಆಸೆಯಿಂದ ಈ ಲೇಖನ.

ಹಿರಿಯರ ಲೆಕ್ಕ

ನಮ್ಮ ಮನೆಗಳಲ್ಲಿ 'ಬಿಸ್ಮಿಲ್ಲಾ' ಶಾಸ್ತ್ರ ಎಲ್ಲರಿಗೂ ಗೊತ್ತು. ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಹೊಸ ಬಟ್ಟೆ ತೊಡಿಸಿ, ಮೊದಲ ಪಾಠ ಹೇಳಿಸಿ, ನೆರೆಹೊರೆಗೆ ಸಿಹಿ ಹಂಚುವ ಪದ್ಧತಿ ಹಿಂದೂಸ್ತಾನದ ಮುಸ್ಲಿಂ ಕುಟುಂಬಗಳಲ್ಲಿ ಶತಮಾನಗಳಿಂದ ಬಂದಿದೆ. ಇದು ಧರ್ಮದ ಕಟ್ಟಳೆಯಲ್ಲ, ಈ ನೆಲದ ಸಂಪ್ರದಾಯ. ಅದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಆ ದಿನ ಮಗು ಉಸ್ತಾದರ ಜೊತೆ ಬಾಯಲ್ಲಿ ಹೇಳಿತೇ ಹೊರತು ಬರೆಯಲಿಲ್ಲ. ಮೊದಲು ಕಿವಿ, ಆಮೇಲೆ ನಾಲಿಗೆ, ಅದಾದ ಮೇಲೆ ಕಣ್ಣು. ತಖ್ತಿ, ಕಲಮು ಎಲ್ಲಾ ಇನ್ನೂ ದೂರ.

ಅಕ್ಬರ್ ಬಾದಶಹರ ಕಥೆಯನ್ನು ಅಬುಲ್ ಫಜಲ್ ತನ್ನ 'ಅಕ್ಬರ್‌ನಾಮಾ'ದಲ್ಲಿ ಬರೆದಿದ್ದಾನೆ. ಮಗನ ವಿದ್ಯಾರಂಭಕ್ಕೆ ತಂದೆ ಹುಮಾಯೂನ್ ಜ್ಯೋತಿಷಿಗಳನ್ನು ಕೇಳಿ ಒಳ್ಳೆಯ ಗಳಿಗೆ ಗೊತ್ತುಮಾಡಿಸಿದ. ಆ ಗಳಿಗೆ ಬಂದಾಗ ನೋಡಿದರೆ ಶಹಜಾದನೇ ಇಲ್ಲ! ಆಟಕ್ಕೆಂದು ಎಲ್ಲೋ ಮಾಯವಾಗಿದ್ದ. ಹುಡುಕಿದರೂ ಸಿಗಲಿಲ್ಲ. ಆದ್ದರಿಂದ ಮೊದಲ ದಿನ ಶಾಲೆಯ ಬಾಗಿಲಿನಲ್ಲಿ ನಿಮ್ಮ ಮಗು ಓಡಿಹೋದರೆ ಅವಮಾನ ಎಂದುಕೊಳ್ಳಬೇಡಿ, ಅದಕ್ಕೆ ದೊಡ್ಡವರ ಮೇಲ್ಪಂಕ್ತಿ ಇದೆ. ಅಕ್ಬರ್ ಮುಂದೆಯೂ ಓದು ಬರಹ ಕಲಿಯಲಿಲ್ಲ, ಅದು ಬೇರೆ ವಿಷಯ. ಅದನ್ನು ಅನುಕರಿಸಿ ಎಂದು ಯಾವ ಶಿಕ್ಷಕರೂ ಹೇಳಲಾರರು. ಆದರೆ ಅದೇ ಅಕ್ಬರನ ಆಡಳಿತವನ್ನು ವಿವರಿಸುವ 'ಆಯೀನ್-ಎ-ಅಕ್ಬರಿ'ಯಲ್ಲಿ ಶಿಕ್ಷಣದ ಬಗ್ಗೆ ಒಂದು ಪುಟ್ಟ ಅಧ್ಯಾಯವಿದೆ. ಮಕ್ಕಳನ್ನು ವರ್ಷಗಟ್ಟಲೆ ಅಕ್ಷರಗಳಲ್ಲೇ ಕೊಳೆಹಾಕಬಾರದು, ಮಗು ತಾನೇ ಅರ್ಥ ಮಾಡಿಕೊಳ್ಳುವಂತಿರಬೇಕು, ಉಸ್ತಾದರು ಸ್ವಲ್ಪ ನೆರವಾದರೆ ಸಾಕು ಎಂಬುದು ಅದರ ಸಾರಾಂಶ. ನಾಲ್ಕು ಶತಮಾನಗಳ ಹಿಂದಿನ ಮಾತು ಇದು.

ಇನ್ನು ನಮ್ಮ ಸೀಮೆಯ ಕೂಲಿಮಠಗಳ ವಿಚಾರ. ಜಗಳೂರಿನ ಗಡಿ ದಾಟಿದರೆ ಸಿಗುವ ಹಳೆಯ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ಮದರಾಸಿನ ಸರ್ಕಾರಕ್ಕೆ ಒಂದು ವರದಿ ಕಳಿಸಿದ. ಅವನ ಲೆಕ್ಕದಲ್ಲಿ ಆ ಜಿಲ್ಲೆಯಲ್ಲಿ 533 ಶಾಲೆಗಳು. ಕನ್ನಡದವು 235, ತೆಲುಗಿನವು 226, ಪರ್ಷಿಯನ್ ಕಲಿಸುವವು 21, ಉಳಿದವು ಮರಾಠಿ, ಸಂಸ್ಕೃತ ಇತ್ಯಾದಿ. ಹಿಂದೂ ಮಕ್ಕಳ ವಿದ್ಯಾಭ್ಯಾಸ ಸಾಮಾನ್ಯವಾಗಿ ಐದನೆಯ ವರ್ಷಕ್ಕೆ ಆರಂಭವಾಗುತ್ತದೆ. ಆ ದಿನ ಗುರುಗಳನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆದು, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ದೇವರ ಹೆಸರು ಬರೆಸುತ್ತಾರೆ. ಆಮೇಲೆ ಶಾಲೆಯಲ್ಲಿ ಮರಳಿನ ಮೇಲೆ ಬೆರಳಿನಿಂದಲೇ ಅಕ್ಷರ ತಿದ್ದುತ್ತಾರೆ ಎಂದು ಅವನು ವಿವರಿಸಿದ್ದಾನೆ. ಬೆರಳಿಗೆ ಮರಳು ಪಳಗಿದ ಮೇಲೆ ಕಡತ ಬರುತ್ತಿತ್ತು. ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದ ಕಪ್ಪು ಬಟ್ಟೆಯ ಮಡಿಕೆಗಳೇ ಕಡತ, ಅದರ ಮೇಲೆ ಬಳಪದಲ್ಲಿ ಬರೆಯುವುದು.

ಅಂದಿನ ಶಾಲೆಗಳೆಲ್ಲ ಸ್ವರ್ಗವಾಗಿದ್ದವು ಎಂದು ಭಾವಿಸಬೇಡಿ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನ ಅಂಗೈಗೆ ಸೊನ್ನೆ, ಮೂರನೆಯವನಿಗೆ ಬೆತ್ತದ ಒಂದು ಮೆಲು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಾ ಹೋಗುತ್ತಿತ್ತು ಎಂದೂ ಕ್ಯಾಂಬೆಲ್ಲನ ವರದಿಯಲ್ಲಿದೆ. ಬಡತನ ಹೆಚ್ಚಿ ಶಾಲೆಗಳು ಕ್ಷೀಣಿಸುತ್ತಿವೆ ಎಂದೂ ಅವನು ಮರುಗಿದ್ದಾನೆ. ಹಳೆಯದರಲ್ಲಿ ನಾವು ಉಳಿಸಿಕೊಳ್ಳಬೇಕಾದದ್ದು ಮರಳು. ನಾವು ಉಳಿಸಿಕೊಂಡಿರುವುದು ಮಾತ್ರ ಬೆತ್ತ.

ಮಕ್ಕಳ ತೋಟ

'ಕಿಂಡರ್‌ಗಾರ್ಟನ್' ಎಂಬುದು ಇಂಗ್ಲಿಷ್ ಪದವೇ ಅಲ್ಲ, ಜರ್ಮನ್ ಪದ. ಅರ್ಥ: ಮಕ್ಕಳ ತೋಟ. ಎಲ್.ಕೆ.ಜಿ., ಯು.ಕೆ.ಜಿ. ಎಂದು ದಿನಕ್ಕೆ ಹತ್ತು ಬಾರಿ ಹೇಳುವ ನಾವು ಆ 'ಜಿ' ಅಕ್ಷರದಲ್ಲಿ ಒಂದು ತೋಟ ಅಡಗಿದೆ ಎಂಬುದನ್ನು ಮರೆತಿದ್ದೇವೆ. ಫ್ರೆಡ್ರಿಕ್ ಫ್ರೋಬೆಲ್ 1782ರಲ್ಲಿ ಜರ್ಮನಿಯ ಥುರಿಂಜಿಯಾ ಸೀಮೆಯಲ್ಲಿ ಹುಟ್ಟಿದವನು. ಒಂದು ವರ್ಷವೂ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವನು. 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಕೇಂದ್ರ ತೆರೆದ. ಮೂರು ವರ್ಷದ ನಂತರ, 1840ರಲ್ಲಿ, ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟ. ತೋಟ ಎಂಬುದು ಬರೀ ಉಪಮೆಯಲ್ಲ. ಮಕ್ಕಳಿಗೆ ನಿಜವಾಗಿಯೂ ಪುಟ್ಟ ಪುಟ್ಟ ಪಾತಿಗಳಿದ್ದವು. ಒಳಗೆ ಉಣ್ಣೆಯ ಚೆಂಡು, ಮರದ ಗುಂಡು, ಘನಾಕೃತಿಯ ತುಂಡುಗಳು, ಕಾಗದ ಮಡಿಸುವುದು, ಹೆಣೆಯುವುದು, ಜೇಡಿಮಣ್ಣು, ಹಾಡು, ವೃತ್ತಾಕಾರದ ಆಟ. ಅಕ್ಷರದ ತಿದ್ದಾಟಕ್ಕೆ ಅಲ್ಲಿ ಅವಸರವಿರಲಿಲ್ಲ.

ಇಂತಹ ನಿರುಪದ್ರವಿ ಶಾಲೆಗೂ ಸರ್ಕಾರ ಹೆದರಿತು ಎಂದರೆ ನಂಬುತ್ತೀರಾ? 1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಕಾರ್ಲ್ ಫ್ರೋಬೆಲ್ ಎಂಬ ಸಂಬಂಧಿಕನ ವಿಚಾರಗಳನ್ನು ಈತನ ತಲೆಗೆ ಕಟ್ಟಿ, ನಾಸ್ತಿಕತೆ, ಸಮಾಜವಾದ ಕಲಿಸುತ್ತಾರೆ ಎಂಬ ಆರೋಪ ಹೊರಿಸಲಾಯಿತು. ಮರುವರ್ಷವೇ ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟರಲ್ಲಿ ಅವನ ಶಿಷ್ಯೆಯರು ಊರೂರಿಗೆ, ದೇಶದೇಶಕ್ಕೆ ಅದನ್ನು ಒಯ್ದಿದ್ದರು.

ಮುಂದಿನ ಹೆಸರು ಮರಿಯಾ ಮಾಂಟೆಸ್ಸರಿ. ಇಟಲಿಯ ವೈದ್ಯೆ. 1907ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮೊದಲ 'ಮಕ್ಕಳ ಮನೆ' ತೆರೆದರು. ಅಪ್ಪ ಅಮ್ಮ ಕೂಲಿಗೆ ಹೋದಾಗ ಬೀದಿಯಲ್ಲಿ ಉಳಿಯುತ್ತಿದ್ದ ಮಕ್ಕಳಿಗಾಗಿ ಆರಂಭವಾದದ್ದು ಅದು. ಇಂದು 'ಮಾಂಟೆಸ್ಸರಿ' ಎಂಬ ಫಲಕ ಕಂಡರೆ ಶ್ರೀಮಂತರ ಶಾಲೆ ಎಂದು ನಾವು ದೂರ ಸರಿಯುತ್ತೇವೆ! ಮರಳುಕಾಗದದಲ್ಲಿ ಕತ್ತರಿಸಿದ ಅಕ್ಷರಗಳನ್ನು ಮಗು ಬೆರಳಿನಿಂದ ಸವರಿ ಕಲಿಯುವುದು ಅವರ ಪ್ರಸಿದ್ಧ ಪದ್ಧತಿ. ಕೂಲಿಮಠದ ಮರಳು ನೆನಪಾಯಿತೇ?

ಮಾಂಟೆಸ್ಸರಿಯವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು. ಕೆಲವು ತಿಂಗಳು ತರಬೇತಿ ಕೊಟ್ಟು ಹಿಂತಿರುಗುವ ಯೋಜನೆ. ಅಷ್ಟರಲ್ಲಿ, 1940ರಲ್ಲಿ, ಇಟಲಿ ಯುದ್ಧಕ್ಕಿಳಿದು ಬ್ರಿಟನ್ನಿನ ಶತ್ರುವಾಯಿತು, ಇವರೂ 'ಶತ್ರು ದೇಶದವರು' ಆದರು. ಅಡ್ಯಾರ್, ಕೊಡೈಕೆನಾಲ್‌ಗಳಲ್ಲಿ ಇದ್ದುಕೊಂಡೇ ನೂರಾರು ಭಾರತೀಯ ಶಿಕ್ಷಕರಿಗೆ ಪಾಠ ಹೇಳಿ 1946ರಲ್ಲಿ ಯುರೋಪಿಗೆ ಮರಳಿದರು. ಯುದ್ಧದಿಂದ ನಮಗೆ ಆದ ಕೆಲವೇ ಲಾಭಗಳಲ್ಲಿ ಇದೂ ಒಂದು.

ಅಂಗಳದಿಂದ ಅಂಗನವಾಡಿಗೆ

ಆದರೆ ಮಾಂಟೆಸ್ಸರಿಯವರು ಬರುವುದಕ್ಕೆ ಮೊದಲೇ ನಮ್ಮವರು ಕೆಲಸ ಆರಂಭಿಸಿದ್ದರು. ಗುಜರಾತಿನ ಭಾವನಗರದಲ್ಲಿ ವಕೀಲಿ ವೃತ್ತಿ ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಆರಂಭಿಸಿದರು. ಮಕ್ಕಳು ಅವರನ್ನು 'ಮೀಸೆಯ ತಾಯಿ' ಎಂದು ಕರೆಯುತ್ತಿದ್ದರಂತೆ. ಅವರ ಸಹೋದ್ಯೋಗಿ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಹೋದರು. ಜೊತೆಗೆ ಅನುತಾಯಿ ವಾಘ್. ದುಬಾರಿ ಸಾಮಾನು ಇಲ್ಲದೆ, ಬೀಜ, ಕಲ್ಲು, ಎಲೆ, ಚಿಪ್ಪುಗಳಿಂದ ಕಲಿಸಿದರು. ಕೇಂದ್ರಕ್ಕೆ ಬಾರದ ಮಕ್ಕಳ ಕೇರಿಗೇ ಹೋಗಿ ಅಂಗಳದಲ್ಲೇ ಶಾಲೆ ನಡೆಸಿದರು. 'ಅಂಗನವಾಡಿ' ಎಂಬ ಪದ ಬಂದದ್ದು ಆ ಅಂಗಳದಿಂದ. ನಮ್ಮ ಕಡೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು ಕಟ್ಟಿದ ಮಕ್ಕಳ ಕೂಟವನ್ನೂ, ಪುಟಾಣಿಗಳ ಬಾಯಿಗೆ ಹಾಡು ಕೊಟ್ಟ ಪಂಜೆ ಮಂಗೇಶರಾಯರು ಮತ್ತು ಜಿ.ಪಿ. ರಾಜರತ್ನಂ ಅವರನ್ನೂ ಇಲ್ಲಿ ನೆನೆಯಬೇಕು. ಉರ್ದುವಿನಲ್ಲಿ ಮೌಲ್ವಿ ಇಸ್ಮಾಯಿಲ್ ಮೇರಠಿಯವರು ಅದೇ ಕೆಲಸ ಮಾಡಿದರು. ಹಸು, ಮಳೆ, ಇರುವೆಗಳ ಬಗ್ಗೆ ಮಕ್ಕಳ ಪದ್ಯ ಬರೆಯುವುದು ವಿದ್ವಾಂಸರಿಗೆ ಕಡಿಮೆಯ ಕೆಲಸವಲ್ಲ ಎಂದು ತೋರಿಸಿದವರು ಅವರು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಇಂದು ನಮ್ಮ ಓಣಿಗಳಲ್ಲಿರುವ ಅಂಗನವಾಡಿಯ ಮೂಲ ಇದು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆಗಳ ಜೊತೆಗೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವೂ ಅದರ ಕರ್ತವ್ಯ. "ಅಲ್ಲಿ ಏನು ಕಲಿಸುತ್ತಾರೆ, ಬರೀ ಆಟ ಆಡಿಸಿ ಉಪ್ಪಿಟ್ಟು ಕೊಡುತ್ತಾರೆ" ಎನ್ನುವವರು ಫ್ರೋಬೆಲ್ಲನ ಕಥೆಯನ್ನು ಇನ್ನೊಮ್ಮೆ ಓದಬೇಕು. ಆಟ ಆಡಿಸುವುದೇ ಅಲ್ಲಿನ ಪಾಠ. ಆಟವನ್ನೂ ಸರಿಯಾಗಿ ಆಡಿಸುತ್ತಿಲ್ಲ ಎಂದಾದರೆ ಅದು ನಿಜವಾದ ದೂರು, ಹೋಗಿ ಕೇಳಿ.

ತೋಟ ಕಾರ್ಖಾನೆಯಾದದ್ದು

ಹಾಗಾದರೆ ಕೆಟ್ಟದ್ದು ಎಲ್ಲಿ? ನಮ್ಮ ಸರ್ಕಾರಿ ಶಾಲೆ, ಅದರಲ್ಲೂ ಉರ್ದು ಶಾಲೆ, ಬಾಗಿಲು ತೆರೆಯುತ್ತಿದ್ದುದು ಒಂದನೇ ತರಗತಿಗೆ. ಖಾಸಗಿ ಶಾಲೆ ತೆರೆದದ್ದು ಮೂರೂವರೆ ವರ್ಷಕ್ಕೆ. ಮಗು ಒಮ್ಮೆ ಅಲ್ಲಿ ಕಾಲಿಟ್ಟರೆ ಎರಡು ವರ್ಷದ ನಂತರ ಹಿಂತಿರುಗುವುದುಂಟೇ? ರಾಜ್ಯದ 1994ರ ಭಾಷಾ ನೀತಿ ಒಂದರಿಂದ ನಾಲ್ಕನೇ ತರಗತಿಗೆ ಮಾತೃಭಾಷಾ ಮಾಧ್ಯಮ ಎಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟ್ ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದ್ದು ಎಂದು ತೀರ್ಪು ನೀಡಿತು. ಇಪ್ಪತ್ತು ವರ್ಷ ದೊಡ್ಡವರು ಒಂದನೇ ತರಗತಿಯ ಬಗ್ಗೆ ವಾದಿಸುತ್ತಿದ್ದಾಗ ಇಂಗ್ಲಿಷ್ ಎಲ್.ಕೆ.ಜಿ.ಯ ಬಾಗಿಲಿನಿಂದ ನಿಧಾನವಾಗಿ ಒಳಗೆ ಬಂದು ಕುಳಿತಿತ್ತು. ನಮ್ಮ ಸರ್ಕಾರಿ ಶಾಲೆಗಳಿಗೆ ಎಲ್.ಕೆ.ಜಿ. ಬಂದದ್ದು ಬಹಳ ತಡವಾಗಿ, ಕರ್ನಾಟಕ ಪಬ್ಲಿಕ್ ಶಾಲೆಗಳ ಕಾಲಕ್ಕೆ.

ಸ್ಪರ್ಧೆ ಹೆಚ್ಚಿದಂತೆ ಒಂದನೇ ತರಗತಿಯ ಪಾಠ ಯು.ಕೆ.ಜಿ.ಗೆ ಇಳಿಯಿತು, ಯು.ಕೆ.ಜಿ.ಯದು ಎಲ್.ಕೆ.ಜಿ.ಗೆ. ಇದನ್ನು ಸಂಸತ್ತಿನಲ್ಲಿ ಎತ್ತಿದವರು ನಮ್ಮ ಮೈಸೂರಿನ ಲೇಖಕ ಆರ್.ಕೆ. ನಾರಾಯಣ್. ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದ ಅವರು 1989ರಲ್ಲಿ ಮಾಡಿದ ಮೊದಲ ಭಾಷಣದ ವಿಷಯ ಮಕ್ಕಳ ಬ್ಯಾಗಿನ ಭಾರ. ಆ ಬಳಿಕ ಪ್ರೊ. ಯಶಪಾಲ್ ಸಮಿತಿ ನೇಮಕವಾಗಿ 1993ರಲ್ಲಿ ವರದಿ ಕೊಟ್ಟಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಈ ವಯಸ್ಸಿನಲ್ಲಿ ಓದು, ಬರಹ, ಲೆಕ್ಕಗಳ ಔಪಚಾರಿಕ ಬೋಧನೆ ಬೇಡ ಎಂದಿತ್ತು. 2020ರ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಬುನಾದಿ ಹಂತವೆಂದು ಕರೆಯಿತು. ಸರ್ಕಾರದ ಕಾಗದ ಸರಿಯಾಗಿಯೇ ಇದೆ. ಕಾಗದವನ್ನು ಓದದವರು ನಾವು.

ಒಂದು ವೈದ್ಯಕೀಯ ಸಂಗತಿ ಹೇಳುತ್ತೇನೆ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಮೂಳೆಯೇ ಅಲ್ಲ, ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ನಾಲ್ಕು ವರ್ಷದ ಮಗುವಿನಲ್ಲಿ ಅವುಗಳಲ್ಲಿ ಕೆಲವು ಇನ್ನೂ ಎಳೆಯವೇ. ಕೊನೆಯದು ಮೂಳೆಯಾಗತೊಡಗುವುದು ಎಂಟು ವರ್ಷ ದಾಟಿದ ಮೇಲೆ. ಅಂತಹ ಕೈಗೆ ಪೆನ್ಸಿಲು ಕೊಟ್ಟು ನಾಲ್ಕು ಗೆರೆಯ ಪುಸ್ತಕದಲ್ಲಿ ಎರಡು ಪುಟ ಬರೆ ಎನ್ನುತ್ತೇವೆ. ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದರೆ ಅದು ಸೋಮಾರಿತನವಲ್ಲ. ಹಿಟ್ಟು ನಾದಲು ಕೊಡಿ, ಬಟಾಣಿ ಸುಲಿಯಲು ಕೊಡಿ, ಮಣಿ ಪೋಣಿಸಲಿ, ಹಳೆಯ ಪತ್ರಿಕೆ ಹರಿಯಲಿ. ನಮ್ಮ ಕಡೆ ಅಡಿಕೆ ಹಂಗಾಮಿನಲ್ಲಿ ಅಮ್ಮಿಯ ಪಕ್ಕ ಕುಳಿತು ಹಣ್ಣಡಿಕೆ ಒಂದು ಕಡೆ, ಹಸಿ ಅಡಿಕೆ ಒಂದು ಕಡೆ ಗುಡ್ಡೆ ಹಾಕುವ ಮಗು ಗಣಿತವನ್ನೇ ಕಲಿಯುತ್ತಿರುತ್ತದೆ. ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಬೇಕು, ಅಷ್ಟೇ.

ನಾಲ್ಕು ಭಾಷೆಯ ಕೂಸು

ಇದು ನನ್ನ ಕಸುಬಿನ ವಿಷಯ, ಆದ್ದರಿಂದ ಸ್ವಲ್ಪ ಹೆಚ್ಚು ಹೇಳುತ್ತೇನೆ. ನಮ್ಮ ಮಗು ಮನೆಯಲ್ಲಿ ಆಡುವುದು ದಖನಿ. 'ನಕ್ಕೋ' ಎನ್ನುತ್ತದೆ, 'ಹೌ' ಎನ್ನುತ್ತದೆ, 'ಕಾಯ್ಕು' ಎಂದು ಕೇಳುತ್ತದೆ. ಉರ್ದು ಪುಸ್ತಕದಲ್ಲಿ 'ನಹೀಂ', 'ಹಾಂ', 'ಕ್ಯೂಂ' ಇರುತ್ತದೆ. ಬೀದಿಯಲ್ಲಿ ಕನ್ನಡ. ಶಾಲೆಯಲ್ಲಿ 'ಮೇ ಐ ಕಮ್ ಇನ್ ಮಿಸ್'. ಉರ್ದು ಬಲದಿಂದ ಎಡಕ್ಕೆ, ಕನ್ನಡ, ಇಂಗ್ಲಿಷ್ ಎಡದಿಂದ ಬಲಕ್ಕೆ. ಉರ್ದುವಿನ ಅಕ್ಷರ ಪದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು, ಕೊನೆಯಲ್ಲಿ ಇನ್ನೊಂದು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ. ಇಷ್ಟನ್ನೂ ಒಂದೇ ವರ್ಷದಲ್ಲಿ ಬರೆಸಲು ಹೋದರೆ ಮಗು ಅಕ್ಷರವನ್ನು ತಿರುಗಿಸಿ ಬರೆಯದೆ ಇನ್ನೇನು ಮಾಡೀತು?

ಆದರೆ ಕೇಳಿ ಮಾತನಾಡುವ ವಿಷಯದಲ್ಲಿ ಇದೇ ಮಗು ನಮ್ಮನ್ನು ಮೀರಿಸುತ್ತದೆ. ದಾದಿಯ ಹತ್ತಿರ ದಖನಿ, ಅಂಗಡಿಯ ಅಣ್ಣನ ಹತ್ತಿರ ಕನ್ನಡ, ಯಾರೂ ಹೇಳಿಕೊಡದೆ ಬದಲಿಸುತ್ತದೆ. ಈ ಸಂಪತ್ತನ್ನು ಕಳೆಯಬೇಡಿ. "ಮನೆಯಲ್ಲಿ ಇಂಗ್ಲಿಷ್ ಮಾತನಾಡಿ" ಎಂದು ಕೆಲವು ಶಾಲೆಗಳು ಪಾಲಕರಿಗೆ ಹೇಳುತ್ತವೆ. ಬಾರದ ಇಂಗ್ಲಿಷಿನಲ್ಲಿ ಅಮ್ಮಿ ಹತ್ತು ಮಾತು ಆಡುವುದಕ್ಕಿಂತ ಬರುವ ದಖನಿಯಲ್ಲಿ ನೂರು ಮಾತು ಆಡಿ, ಕಹಾನಿ ಹೇಳಿದರೆ ಮಗುವಿನ ಭಾಷೆ ಬೆಳೆಯುತ್ತದೆ. ಮಗು 'ನಕ್ಕೋ' ಎಂದರೆ ಶಿಕ್ಷಕರು ನಗಬಾರದು. ಅದನ್ನು ಸ್ವೀಕರಿಸಿ, ತಮ್ಮ ಉತ್ತರದಲ್ಲಿ 'ನಹೀಂ' ಎಂದು ಬಳಸಿದರೆ ಸಾಕು, ಮಗು ತಾನೇ ಎರಡನ್ನೂ ಇಟ್ಟುಕೊಳ್ಳುತ್ತದೆ. ಡಿ.ಇಡಿ., ಬಿ.ಇಡಿ. ಓದುತ್ತಿರುವ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ವರ್ಷ ಹೇಗೆ ಸಾಗುತ್ತದೆ?

ಮೊದಲ ಎರಡು ಮೂರು ವಾರ ಅಳು ಸಹಜ. ಕದ್ದು ಬಿಟ್ಟು ಓಡಬೇಡಿ; ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. ಆ ನಂಬಿಕೆಯೇ ಮಗುವಿನ ಮೊದಲ ಪಾಠ. ಮಳೆಗಾಲ ಮುಗಿಯುವುದರೊಳಗೆ ತನ್ನ ಚಪ್ಪಲಿ, ತನ್ನ ಡಬ್ಬಿ ಗುರುತಿಸುವುದು, ಶೌಚಕ್ಕೆ ಹೋಗಬೇಕೆಂದು ಹೇಳುವುದು, ಸರದಿಗೆ ಕಾಯುವುದು ಬರಬಹುದು. ರಜೆಗಳು ಮುಗಿದು ಬಂದಾಗ ಕಲಿತದ್ದು ಸ್ವಲ್ಪ ಹಿಂದೆ ಸರಿದಂತೆ ಕಾಣುತ್ತದೆ, ಗಾಬರಿ ಬೇಡ. ವರ್ಷದ ಕೊನೆಗೆ ಒಂದು ಕಥೆಯನ್ನು ಕೇಳಿ ತನ್ನ ಮಾತಿನಲ್ಲಿ ತಿರುಗಿ ಹೇಳಿದರೆ, ಕೆಲವು ಹಾಡು ಬಂದರೆ, ಹತ್ತು ವಸ್ತುಗಳನ್ನು ಬೆರಳಿಟ್ಟು ಎಣಿಸಿದರೆ, ತನ್ನ ಹೆಸರನ್ನು ಗುರುತಿಸಿದರೆ ಅದು ಒಳ್ಳೆಯ ವರ್ಷ. ನೂರರವರೆಗೆ ಬರೆಯುವ ಪಕ್ಕದ ಮನೆ ಹುಡುಗಿಯನ್ನು ಏಳು ಹುಣಸೆಬೀಜ ಎಣಿಸಿ ಕೊಡು ಎಂದು ಕೇಳಿ ನೋಡಿ. ಕೆಲವೊಮ್ಮೆ ಆಶ್ಚರ್ಯ ಕಾದಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಕಾಯುತ್ತಾ ಕೂರಬೇಡಿ. ಕರೆದರೆ ತಿರುಗದ, ನಾಲ್ಕು ವರ್ಷವಾದರೂ ಎರಡು ಮೂರು ಪದ ಸೇರಿಸಿ ಮಾತನಾಡದ, ಪುಸ್ತಕವನ್ನು ಕಣ್ಣಿಗೆ ಒತ್ತಿ ಹಿಡಿಯುವ ಮಗುವಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಿವಿ, ಕಣ್ಣು ತೋರಿಸಿ. ದಡ್ಡ ಎಂದು ಹೊಡೆತ ತಿಂದ ಎಷ್ಟೋ ಮಕ್ಕಳಿಗೆ ಇದ್ದದ್ದು ಕಿವಿಯ ಸೋರಿಕೆ.

ಇನ್ನು ವಯಸ್ಸು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರ ಜುಲೈನಲ್ಲಿ ಆದೇಶಿಸಿತು. ಆಗಲೇ ಎಲ್.ಕೆ.ಜಿ. ಸೇರಿದ್ದ ಮಕ್ಕಳ ಪಾಲಕರು ಆಕ್ಷೇಪಿಸಿದ್ದರಿಂದ ಅದು 2025-26ಕ್ಕೆ ಮುಂದೆ ಹೋಯಿತು. ಆ ವರ್ಷವೂ ಯು.ಕೆ.ಜಿ. ಮುಗಿಸಿದವರಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ದೊರೆಯಿತು, ಆ ಒಂದು ವರ್ಷಕ್ಕೆ ಮಾತ್ರ ಎಂಬ ಮಾತಿನೊಂದಿಗೆ. ಅಂದರೆ ಎಲ್.ಕೆ.ಜಿ.ಗೆ ನಾಲ್ಕು, ಯು.ಕೆ.ಜಿ.ಗೆ ಐದು ತುಂಬಿರಬೇಕು ಎಂಬುದು ಲೆಕ್ಕ. ಮೂರು ವರ್ಷದ ಮಗುವನ್ನು "ಒಂದು ವರ್ಷ ಉಳಿಯುತ್ತದೆ" ಎಂದು ಸೇರಿಸಿದರೆ ಉಳಿಯುವುದು ಏನೂ ಇಲ್ಲ, ಯು.ಕೆ.ಜಿ. ಎರಡು ಸಲ ಕೂರಿಸಬೇಕಾದೀತು, ಎರಡು ಸಲ ಫೀಜು ಕಟ್ಟಬೇಕಾದೀತು. ಜನನ ಪ್ರಮಾಣ ಪತ್ರವನ್ನು ಮುಂದಿಟ್ಟುಕೊಂಡು, ಆ ವರ್ಷದ ಸುತ್ತೋಲೆ ಏನು ಹೇಳುತ್ತದೆ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಯೇ ಹಣ ಕಟ್ಟಿ. ಶಾಲೆಯವರು ಮಗುವಿಗೆ ಪರೀಕ್ಷೆ ಇಡುತ್ತೇವೆ ಎಂದರೆ, ಶಾಲಾಪೂರ್ವ ಹಂತದಲ್ಲಿ ಬಾಯಿ ಪರೀಕ್ಷೆಯೂ ಬೇಡ, ಬರವಣಿಗೆಯ ಪರೀಕ್ಷೆಯೂ ಬೇಡ ಎಂದು ಎನ್.ಸಿ.ಇ.ಆರ್.ಟಿ.ಯ 2019ರ ಮಾರ್ಗಸೂಚಿ ಹೇಳುವುದನ್ನು ವಿನಯದಿಂದ ನೆನಪಿಸಿ. ಆಮೇಲೆ ತರಗತಿಯ ಒಳಗೆ ಹೋಗಿ ಒಮ್ಮೆ ಕಣ್ಣಾಡಿಸಿ: ನೆಲದಲ್ಲಿ ಕುಳಿತು ಆಡಲು ಜಾಗವಿದೆಯೇ, ಮಗುವಿನ ಎತ್ತರದಲ್ಲಿ ನಲ್ಲಿ ಇದೆಯೇ, ಹೊರಗೆ ಸ್ವಲ್ಪವಾದರೂ ಮಣ್ಣು ಇದೆಯೇ?